ಘಟ್ಟ ಇಳಿದ ಮೇಲೆ ಸ್ಟೀರಿಂಗ್ ನಡುಗಿದರೆ

ಚಾರ್ಮಾಡಿ ಇಳಿದು ಬಂದಾಗಿನಿಂದ 80ರ ವೇಗದಲ್ಲಿ ಬ್ರೇಕ್ ಒತ್ತಿದರೆ ಸ್ಟೀರಿಂಗ್ ಗಡಗಡ ಅನ್ನುತ್ತದೆ, ನಿಧಾನಕ್ಕೆ ಹೋಗುವಾಗ ಕೀಂಯ್ ಅಂತ ಸದ್ದು, ಗ್ಯಾರೇಜಿನವರು ಅಲೈನ್‌ಮೆಂಟ್ (ಚಕ್ರಗಳ ಓರೆ ಸರಿಪಡಿಸುವುದು) ಮಾಡಿಸಿ ಅಂದರು ಅಂತ ಬರೆದಿದ್ದೀರಿ. ಸುಮ್ನೆ ದುಡ್ಡು ದಂಡ ಸಾರ್. ಅಲೈನ್‌ಮೆಂಟ್ ಕೆಟ್ಟರೆ ಗಾಡಿ ಒಂದು ಕಡೆ ಎಳೆಯುತ್ತದೆ, ಟೈರ್ ಓರೆಯಾಗಿ ಸವೆಯುತ್ತದೆ. ಹೀಗೆ ಬ್ರೇಕ್ ಒತ್ತಿದಾಗಷ್ಟೇ ನಡುಗುವುದು ಅದರಿಂದಲ್ಲ.

ನಡುಕ ಸ್ಟೀರಿಂಗ್‌ನಲ್ಲಿದೆ ಅಲ್ವಾ, ಹಾಗಾದರೆ ನನಗೆ ಮುಂದಿನ ಡಿಸ್ಕ್ (ಚಕ್ರದ ಜೊತೆ ತಿರುಗುವ ಬ್ರೇಕಿನ ತಟ್ಟೆ) ಮೇಲೇ ಅನುಮಾನ. ಸೀಟಿನಲ್ಲಿ ಗೊತ್ತಾಗಿದ್ದರೆ ಹಿಂದಿನ ಚಕ್ರ ನೋಡಿ ಅನ್ನುತ್ತಿದ್ದೆ. ಇಳಿಜಾರಿನಲ್ಲಿ ಬ್ರೇಕ್ ಮೇಲೆ ಕಾಲಿಟ್ಟೇ ಬಂದರೆ ಡಿಸ್ಕ್ ಸಿಕ್ಕಾಪಟ್ಟೆ ಕಾಯುತ್ತದೆ, ಅದನ್ನು ಒತ್ತಿ ಹಿಡಿಯುವ ಪ್ಯಾಡಿನ ಪದಾರ್ಥ ಅದರ ಮೇಲೆ ಅಲ್ಲಲ್ಲಿ ಮೆತ್ತಿಕೊಳ್ಳುತ್ತದೆ. ದಪ್ಪದಲ್ಲಿ ಕೂದಲೆಳೆಯಷ್ಟು ಏರುಪೇರಾದರೂ ಕೈಗೆ ಗೊತ್ತಾಗುತ್ತದೆ. ನನ್ನ ಹಳೇ ಗಾಡಿಯಲ್ಲಿ ಚಕ್ರದ ಸಂದಿಯಿಂದ ಟಾರ್ಚ್ ಬಿಟ್ಟು ನೋಡಿದಾಗ ಡಿಸ್ಕಿನ ಮೇಲೆ ನೀಲಿ ಮಚ್ಚೆಗಳೇ ಕಂಡಿದ್ದವು.

ಕೀಂಯ್ ಸದ್ದು ಬಹುಶಃ ಪ್ಯಾಡ್ ಸವೆದದ್ದು. 3 ಮಿಲಿಮೀಟರ್‌ಗಿಂತ ಕಡಿಮೆ ಉಳಿದಿದ್ದರೆ ಬದಲಾಯಿಸಿ. ಕರಕರ ಅಂತ ಕಬ್ಬಿಣ ಉಜ್ಜುವ ಸದ್ದು ಶುರುವಾದರೆ ಮಾತ್ರ ಓಡಿಸಲೇಬೇಡಿ.

ಹತ್ತು ಕಿಲೋಮೀಟರ್ ಹೋಗಿ ಬಂದು ಚಕ್ರಗಳ ಹತ್ತಿರ ಕೈ ಹಿಡಿದು ನೋಡಿ, ಮುಟ್ಟಬೇಡಿ. ಒಂದೇ ಚಕ್ರ ಜಾಸ್ತಿ ಬಿಸಿ ಇದ್ದರೆ ಪ್ಯಾಡನ್ನು ಡಿಸ್ಕಿಗೆ ಒತ್ತುವ ಕ್ಯಾಲಿಪರ್‌ನ ಪಿನ್ ಜಾಮ್ ಆಗಿರಬಹುದು. ಅದನ್ನು ಬಿಡಿಸದೆ ಹೊಸ ಡಿಸ್ಕ್ ಹಾಕಿಸಿದರೆ ಮತ್ತೆ ಅದೇ ಕಥೆ. ಡಿಸ್ಕಿನ ಕನಿಷ್ಠ ದಪ್ಪ ಅದರ ಮೇಲೇ ಅಚ್ಚಾಗಿರುತ್ತದೆ. ಡಿಸ್ಕನ್ನು ಹೆರೆದು ಸಮ ಮಾಡಿಸಲು ಲೇತ್‌ಗೆ ಕೊಡುವ ಮೊದಲು ಅಳೆಸಿ. ಬದಲಾಯಿಸುವುದಾದರೆ ಎಡ ಬಲ ಎರಡನ್ನೂ. ಮುಂದಿನ ಸಲ ಘಟ್ಟದಲ್ಲಿ ಎರಡನೇ ಗೇರಿನಲ್ಲೇ ಇಳಿಸಿ.