ಫೋಟೋಪಾಲಿಮರ್ (ಬೆಳಕು ಬಿದ್ರೆ ಪಾಲಿಮರ್ ಆಗೋ ವಸ್ತು) ಫಿಲ್ಮ್‌ನಲ್ಲಿ ಹೊಲೋಗ್ರಾಮ್ (ಲೇಸರ್‌ನಿಂದ ದಾಖಲಿಸೋ ಮೂರು ಆಯಾಮದ ಚಿತ್ರ) ಹೇಗೆ ಮೂಡುತ್ತೆ? ಡೆವಲಪ್ ಮಾಡೋದು ಬೇಡ್ವಾ?

ಬೇಡ, ಅದೇ ಇದರ ದೊಡ್ಡ ಅನುಕೂಲ. ಹಳೇ ಕ್ಯಾಮೆರಾ ರೀಲ್ ಥರದ ಸಿಲ್ವರ್ ಹಾಲೈಡ್ ಫಿಲ್ಮ್ ಆದ್ರೆ ಕೆಮಿಕಲ್‌ನಲ್ಲಿ ಅದ್ದಿ ತೊಳೀಬೇಕು, ಇದ್ರಲ್ಲಿ ಬೆಳಕು ಬೀಳ್ತಿದ್ದ ಹಾಗೇ ಹೊಲೋಗ್ರಾಮ್ ತಾನಾಗೇ ಮೂಡುತ್ತೆ.

ಫಿಲ್ಮ್ ಒಳಗೆ ಒಂದು ಬೈಂಡರ್ (ಎಲ್ಲವನ್ನೂ ಹಿಡಿದಿಡೋ ಆಧಾರ ವಸ್ತು), ಅದರಲ್ಲಿ ಓಡಾಡೋಕಾಗೋ ಪುಟ್ಟ ಮಾನೋಮರ್ ಅಣುಗಳು, ಜೊತೆಗೆ ಲೇಸರ್ ಬೆಳಕು ಹೀರ್ಕೊಂಡು ಕ್ರಿಯೆ ಶುರು ಮಾಡೋ ಡೈ ಇರುತ್ತೆ. ಎರಡು ಲೇಸರ್ ಕಿರಣ ಸೇರಿದಾಗ ಬೆಳಕು-ಕತ್ತಲೆ ಪಟ್ಟಿಗಳಾಗ್ತವೆ, ಬೆಳಕಿರೋ ಕಡೆ ಮಾನೋಮರ್‌ಗಳು ಒಂದಕ್ಕೊಂದು ಕೊಂಡಿ ಹಾಕ್ಕೊಂಡು ಪಾಲಿಮರ್ ಆಗ್ತವೆ, ಅಲ್ಲಿ ಮಾನೋಮರ್ ಕಮ್ಮಿ ಆಗೋದ್ರಿಂದ ಪಕ್ಕದ ಕತ್ತಲೆ ಪಟ್ಟಿಯಿಂದ ಇನ್ನಷ್ಟು ಸರಿದು ಬರುತ್ತೆ, ಹೀಗೆ ಸಾಂದ್ರತೆ ಬದಲಾಗಿ ವಕ್ರೀಭವನ ಸೂಚ್ಯಂಕ (ವಸ್ತು ಬೆಳಕನ್ನ ಎಷ್ಟು ಬಾಗಿಸುತ್ತೆ ಅನ್ನೋ ಅಳತೆ) ಪಟ್ಟಿಯಿಂದ ಪಟ್ಟಿಗೆ ಬೇರೆಯಾಗುತ್ತೆ, ಆ ವ್ಯತ್ಯಾಸಾನೇ ಹೊಲೋಗ್ರಾಮ್. ನನಗಂತೂ ಈ ಅಣುಗಳ ವಲಸೆನೇ ಇಡೀ ವಿಷಯದಲ್ಲಿ ಅತಿ ಚೆಂದದ ಭಾಗ! ಸೂಚ್ಯಂಕದಲ್ಲಿ 0.03ರಷ್ಟು ಏರಿಳಿತ ಇದ್ರೆ ಕೂದಲೆಳೆಗಿಂತ ತೆಳು ಪದರದಲ್ಲೂ ತುಂಬಾ ಪ್ರಕಾಶವಾದ ಹೊಲೋಗ್ರಾಮ್ ಸಿಗುತ್ತೆ. ಕೊನೆಗೆ ಯುವಿ ಬೆಳಕು ಕೊಟ್ರೆ ಉಳಿದ ಮಾನೋಮರ್ ಗಟ್ಟಿಯಾಗಿ, ಡೈ ಬಣ್ಣ ಕಳ್ಕೊಂಡು ಎಲ್ಲ ಫಿಕ್ಸ್.

ಒಂದು ತೊಂದರೆ ಇದೆ, ಪಾಲಿಮರ್ ಆಗುವಾಗ ಪದರ ಸ್ವಲ್ಪ ಕುಗ್ಗುತ್ತೆ, ಆಗ ಪಟ್ಟಿಗಳು ಹತ್ತಿರವಾಗಿ ರಿಫ್ಲೆಕ್ಷನ್ ಹೊಲೋಗ್ರಾಮ್ (ಬೆಳಕು ಪ್ರತಿಫಲಿಸಿದಾಗ ಕಾಣೋ ಬಗೆ) ಬಣ್ಣ ನೀಲಿ ಕಡೆ ಜರುಗುತ್ತೆ. ರೆಕಾರ್ಡಿಂಗ್ ವೇಳೆ ಫಿಲ್ಮ್ ಇಟ್ಟಿರೋ ಟೇಬಲ್ ಮಾತ್ರ ಒಂಚೂರೂ ಅಲುಗಬಾರದು, ಅಲುಗಿದ್ರೆ ಪಟ್ಟಿಗಳು ಕಲಸಿಹೋಗ್ತವೆ.