ಬಿ450 ಬೋರ್ಡಿಗೆ ರೈಜನ್ 5 5500 ಸಾಕೋ, 5600 ಬೇಕೋ?

ಕೇಳಿದ್ದು ಇಷ್ಟು: ದಾವಣಗೆರೆಯಲ್ಲಿ ಸಿಸ್ಟಮ್ ಇದೆ, ಬಿ450 ಮದರ್‌ಬೋರ್ಡ್, ಎಎಂಡಿಯ ರೈಜನ್ 3 1200 ಪ್ರೊಸೆಸರ್. ವ್ಯಾಲರಂಟ್, ಜಿಟಿಎ 5 ಆಡಬೇಕು. ರೈಜನ್ 5 5500 ಹಾಕಿ ಉಳಿದ ದುಡ್ಡನ್ನು ಆರ್‌ಎಕ್ಸ್ 6500 ಎಕ್ಸ್‌ಟಿ ಗ್ರಾಫಿಕ್ಸ್ ಕಾರ್ಡಿಗೆ ಹಾಕಲೋ, ಇಲ್ಲ 5600 ತಗೊಳ್ಳಲೋ?

ಎರಡು ಪ್ರೊಸೆಸರ್‌ಗಳಲ್ಲೂ 6 ಕೋರ್, 12 ಥ್ರೆಡ್, 65 ವಾಟ್. ಬೂಸ್ಟ್, ಅಂದರೆ ಗರಿಷ್ಠ ವೇಗ, 4.2 ಮತ್ತು 4.4 ಗಿಗಾಹರ್ಟ್ಸ್, ಇದನ್ನು ನೋಡಿ ತೀರ್ಮಾನ ಮಾಡಬೇಡಿ. ನಿಜವಾದ ಅಂತರ ಎಲ್3 ಕ್ಯಾಶ್‌ನಲ್ಲಿದೆ, ಅಂದರೆ ಪ್ರೊಸೆಸರ್ ಒಳಗೇ ಇರುವ ಚಿಕ್ಕ, ವೇಗದ ಮೆಮೊರಿಯಲ್ಲಿ. 5500ಕ್ಕೆ 16 ಎಂಬಿ, 5600ಕ್ಕೆ 32 ಎಂಬಿ. ಆಟಕ್ಕೆ ಪದೇ ಪದೇ ಬೇಕಾಗುವ ಡೇಟಾ ಕ್ಯಾಶ್‌ನಲ್ಲಿ ಹಿಡಿಸದಿದ್ದರೆ ಪ್ರೊಸೆಸರ್ ಪ್ರತಿ ಸಲ ರ‍್ಯಾಮ್‌ವರೆಗೆ ಹೋಗಿ ಬರಬೇಕು, ಅಷ್ಟು ಹೊತ್ತು ಕಾರ್ಡ್ ಸುಮ್ಮನೆ ಕಾಯುತ್ತದೆ. 144 ಹರ್ಟ್ಸ್ (ಸೆಕೆಂಡಿಗೆ 144 ಸಲ ಚಿತ್ರ ಬದಲಿಸುವ) ಮಾನಿಟರ್‌ನಲ್ಲಿ ವ್ಯಾಲರಂಟ್ ಆಡುವವರಿಗೆ ಇದು ಕಣ್ಣಿಗೆ ಕಾಣುತ್ತದೆ. 60 ಹರ್ಟ್ಸ್ ಮಾನಿಟರ್ ಇದ್ದರೆ 5500 ಧಾರಾಳ ಸಾಕು.

ಇನ್ನೊಂದು ಅಂತರ, 5600ಕ್ಕೆ ಪಿಸಿಐಇ (ಪ್ರೊಸೆಸರ್ ಮತ್ತು ಗ್ರಾಫಿಕ್ಸ್ ಕಾರ್ಡ್ ನಡುವಿನ ಡೇಟಾ ದಾರಿ) 4.0 ಇದೆ, 5500ಕ್ಕೆ 3.0 ಮಾತ್ರ. ಆದರೆ ನಿಮ್ಮ ಬಿ450 ಬೋರ್ಡೇ 3.0, ಹಾಗಾಗಿ ಆ ಲಾಭ ನಿಮಗೆ ಸಿಗುವುದಿಲ್ಲ. ಇಲ್ಲೇ 6500 ಎಕ್ಸ್‌ಟಿ ಕೈಕೊಡುವುದು. ಅದಕ್ಕಿರುವುದು ಆ ದಾರಿಯ 4 ಲೇನ್ (ಸಾಲು) ಮಾತ್ರ, ಸಾಮಾನ್ಯವಾಗಿ ಸಿಗುವ ಮಾದರಿಯಲ್ಲಿ 4 ಜಿಬಿ ಮೆಮೊರಿ. ಮೆಮೊರಿ ತುಂಬಿದ ಕೂಡಲೇ ಟೆಕ್ಸ್‌ಚರ್‌ಗಳು (ಆಟದ ಮೇಲ್ಮೈ ಚಿತ್ರಗಳು) ಆ ಕಿರಿದಾದ ದಾರಿಯಲ್ಲಿ ಓಡಾಡಬೇಕು, 3.0ರಲ್ಲಿ ದಾರಿ ಇನ್ನೂ ಅರ್ಧ. ಆಟ ಜರ್ಕ್ ಹೊಡೆಯುತ್ತದೆ, ಜನ ಪ್ರೊಸೆಸರ್‌ಗೆ ಬೈಯುತ್ತಾರೆ. ನಿಮ್ಮ ಬೋರ್ಡಿಗೆ ಯಾವ ಪ್ರೊಸೆಸರ್ ಹಾಕಿದರೂ ಈ ಕಾರ್ಡ್ ಬೇಡ. ಆರ್‌ಎಕ್ಸ್ 6600ಕ್ಕೆ 8 ಲೇನ್, 8 ಜಿಬಿ ಇದೆ, 3.0ರಲ್ಲೂ ಅದು ಕಳೆದುಕೊಳ್ಳುವುದು ಸ್ವಲ್ಪವೇ.

ನನ್ನ ಅಭಿಪ್ರಾಯ: 5600 ಮತ್ತು 6600 ಎರಡಕ್ಕೂ ಬಜೆಟ್ ಸಾಲದಿದ್ದರೆ 5500 ಜೊತೆ 6600 ತಗೊಳ್ಳಿ. 5600 ಜೊತೆ 6500 ಎಕ್ಸ್‌ಟಿ ಬೇಡವೇ ಬೇಡ. ಎರಡು ಪ್ರೊಸೆಸರ್‌ಗಳ ನಡುವೆ ಸಾವಿರ, ಸಾವಿರದೈನೂರು ಅಷ್ಟೇ ವ್ಯತ್ಯಾಸವಿದ್ದರೆ ಕಣ್ಣುಮುಚ್ಚಿ 5600. ಬೆಂಗಳೂರಿನ ಎಸ್.ಪಿ. ರೋಡಿನಿಂದ ತರಿಸುವುದಾದರೆ ಬಾಕ್ಸ್ ಪೀಸ್ ಎಂದು ಬಿಡಿಸಿ ಹೇಳಿ, ಬಿಲ್ ಕೇಳಿ. ಬಾಕ್ಸ್ ಇಲ್ಲದೆ ಬಿಡಿಯಾಗಿ ಮಾರುವ ಟ್ರೇ ಪೀಸ್‌ಗೆ ಫ್ಯಾನ್ ಬರುವುದಿಲ್ಲ, ವಾರಂಟಿ ಅಂಗಡಿಯವರ ಮಾತಿನ ಮೇಲೆ ನಿಂತಿರುತ್ತದೆ. 5600 ಬದಲು 5600ಜಿ ಎಂಬ ಬೇರೆ ಪ್ರೊಸೆಸರ್ ಕೊಟ್ಟರೆ ತಗೊಳ್ಳಬೇಡಿ, ಅದರಲ್ಲೂ ಕ್ಯಾಶ್ 16 ಎಂಬಿಯೇ.

ಹಳೆ ಪ್ರೊಸೆಸರ್ ತೆಗೆಯುವ ಮೊದಲೇ ಬಯಾಸ್ (ಬೋರ್ಡಿನೊಳಗಿನ ಮೂಲ ಸಾಫ್ಟ್‌ವೇರ್) ಅಪ್‌ಡೇಟ್ ಮಾಡಿ. ಬೋರ್ಡ್ ಕಂಪನಿಯ ಸೈಟಿನಲ್ಲಿ ಸಿಪಿಯು ಸಪೋರ್ಟ್ ಪಟ್ಟಿ ತೆರೆದು, ಹೊಸ ಪ್ರೊಸೆಸರ್‌ನ ಮುಂದೆ ಬರೆದಿರುವ ಆವೃತ್ತಿ ಅಥವಾ ಅದಕ್ಕಿಂತ ಹೊಸದನ್ನು ಎಫ್‌ಎಟಿ32 ಆಗಿ ಫಾರ್ಮ್ಯಾಟ್ ಮಾಡಿದ ಪೆನ್‌ಡ್ರೈವಿಗೆ ಹಾಕಿಕೊಳ್ಳಿ. ನಡುವೆ ಕರೆಂಟ್ ಹೋದರೆ ಬೋರ್ಡ್ ಸತ್ತಂತೆಯೇ, ಅದಕ್ಕೇ ಯುಪಿಎಸ್ ಇಲ್ಲದೆ ಇದಕ್ಕೆ ಕೈ ಹಾಕಬೇಡಿ. ಬಿಟ್‌ಲಾಕರ್ (ವಿಂಡೋಸ್‌ನ ಡಿಸ್ಕ್ ಲಾಕ್) ಆನ್ ಇದ್ದರೆ ರಿಕವರಿ ಕೀ ಮೊದಲು ಬರೆದಿಡಿ. ಅಪ್‌ಡೇಟ್ ಆದ ಮೇಲೆ ಸೆಟ್ಟಿಂಗ್ ಎಲ್ಲ ಮೊದಲಿನಂತಾಗಬಹುದು: ಎಕ್ಸ್‌ಎಂಪಿ (ರ‍್ಯಾಮ್‌ನ ಪೂರ್ತಿ ವೇಗ), ಎಫ್‌ಟಿಪಿಎಂ ಮತ್ತು ಸೆಕ್ಯೂರ್ ಬೂಟ್ (ಎರಡೂ ಭದ್ರತೆಯ ಸೆಟ್ಟಿಂಗ್) ಮತ್ತೆ ಆನ್ ಮಾಡಿ. ವಿಂಡೋಸ್ 11ರಲ್ಲಿ ಕೊನೆಯ ಎರಡು ಆಫ್ ಇದ್ದರೆ ವ್ಯಾಲರಂಟ್ ತೆರೆಯುವುದೇ ಇಲ್ಲ.

ಕೂಲರ್ ತೆಗೆಯುವಾಗ ಹತ್ತು ನಿಮಿಷ ಆಟ ಓಡಿಸಿ ಕೂಲರ್ ಮತ್ತು ಪ್ರೊಸೆಸರ್ ನಡುವಿನ ಪೇಸ್ಟ್ ಬಿಸಿ ಮಾಡಿ, ಆಫ್ ಮಾಡಿ, ಪ್ಲಗ್ ಕಿತ್ತು, ಕೂಲರನ್ನು ನಿಧಾನ ಎಡಬಲ ತಿರುಗಿಸಿ ಎತ್ತಿ. ನೇರ ಎಳೆದರೆ ನಿಮ್ಮ ಬೋರ್ಡಿನ ಎಎಂ4 ಸಾಕೆಟ್‌ನಲ್ಲಿ ಪ್ರೊಸೆಸರ್ ಸಾಕೆಟ್‌ನಿಂದ ಕಿತ್ತು ಬರುತ್ತದೆ, ಪಿನ್ ಬಗ್ಗುತ್ತದೆ. ರ‍್ಯಾಮ್ ಒಂದೇ ಕಡ್ಡಿ ಇದ್ದರೆ ಇನ್ನೊಂದು ಹಾಕಿ. 8 ಜಿಬಿಯ ಎರಡು, 3200 ವೇಗದ್ದು, ನಾಲ್ಕು ಸ್ಲಾಟಿನ ಬೋರ್ಡಾದರೆ ಪ್ರೊಸೆಸರ್ ಕಡೆಯಿಂದ ಎರಡನೆಯದು ಮತ್ತು ನಾಲ್ಕನೆಯದು.

ಏಪ್ರಿಲ್, ಮೇ ತಿಂಗಳ ದಾವಣಗೆರೆ ಸೆಕೆಗೆ ಜೊತೆಗೆ ಬರುವ ಸಣ್ಣ ಫ್ಯಾನ್ ಜೋರಾಗಿ ಕೂಗುತ್ತದೆ. ಬಯಾಸ್‌ನಲ್ಲಿ ಇಕೋ ಮೋಡ್ (ಕಡಿಮೆ ವಿದ್ಯುತ್ ಬಳಸುವ ಸೆಟ್ಟಿಂಗ್) 45 ವಾಟ್ ಇಟ್ಟರೆ ಆಟದಲ್ಲಿ ಹೆಚ್ಚು ನಷ್ಟವಿಲ್ಲ, ಶಾಖ ಇಳಿಯುತ್ತದೆ. 6600 ಹಾಕಿದ ಮೇಲೆ 600 ವಿಎ ಯುಪಿಎಸ್ ಬಿಗಿಯಾಗುತ್ತದೆ, 1000 ವಿಎ ನೋಡಿ. ಎಸ್‌ಎಂಪಿಎಸ್ (ಸಿಸ್ಟಮ್‌ಗೆ ಕರೆಂಟ್ ಕೊಡುವ ಡಬ್ಬ) ಹೆಸರುವಾಸಿ ಕಂಪನಿಯ 500 ವಾಟ್ ಇದ್ದರೆ ಸಾಕು. ಬೋರ್ಡಿನ ಪೂರ್ತಿ ಮಾಡೆಲ್ ಹೆಸರು ಮತ್ತು ಮಾನಿಟರ್ ಎಷ್ಟು ಹರ್ಟ್ಸ್ ಎಂದು ಇಲ್ಲೇ ಹಾಕಿ.