14 ದಿನ ತಂದ ಉಪಚುನಾವಣೆ

ಪ್ರಶ್ನೆ: ಅವಧಿ ಒಂದು ವರ್ಷಕ್ಕಿಂತ ಕಡಿಮೆ ಉಳಿದಿದ್ದರೆ ಉಪಚುನಾವಣೆ ಇಲ್ಲ ಅಂತಾರೆ. ಹಾಗಾದರೆ 2018ರ ನವೆಂಬರ್‌ನಲ್ಲಿ, ಲೋಕಸಭೆಗೆ ಏಳು ತಿಂಗಳು ಮಾತ್ರ ಉಳಿದಿದ್ದಾಗ, ಮಂಡ್ಯದಲ್ಲಿ ನಮ್ಮಿಂದ ಮತ ಹಾಕಿಸಿದ್ದೇಕೆ? ಮಸ್ಕಿ ವಿಧಾನಸಭಾ ಕ್ಷೇತ್ರವನ್ನು ಮಾತ್ರ ಒಂದೂಮುಕ್ಕಾಲು ವರ್ಷ ಖಾಲಿ ಬಿಟ್ಟರಲ್ಲ, ಅದು ಹೇಗೆ?
– ಓದುಗರು, ಮದ್ದೂರು

ಉತ್ತರ: ನಿಮ್ಮ ಮೊದಲ ಪ್ರಶ್ನೆಯನ್ನು ಅವತ್ತೇ ಒಬ್ಬ ಅಜ್ಜಿ ನನ್ನ ಮುಖಕ್ಕೇ ಕೇಳಿದ್ದರು. ನವೆಂಬರ್ 3, ಶನಿವಾರ. ದೀಪಾವಳಿ ಹತ್ತಿರ ಇತ್ತು. ಶಿವಮೊಗ್ಗಕ್ಕೂ ಅವತ್ತೇ ಉಪಚುನಾವಣೆ. ತೀರ್ಥಹಳ್ಳಿ ಕಡೆಯ ಒಂದು ಶಾಲೆಯ ಬೂತಿಗೆ ನನ್ನನ್ನು ಹಾಕಿದ್ದರು. "ಮೇಷ್ಟ್ರೇ, ಮೇನಲ್ಲಿ ಒಂದ್ಸಲ ಹಾಕಿದೀವಿ, ಬರೋ ವರ್ಷ ಮತ್ತೆ ಉಂಟು. ನಡುವೆ ಇದೆಂತದು?" ಎಂದರು. ಹಿಂದೆ ಸಾಲು ನಿಂತಿತ್ತು. ನಕ್ಕು ಸುಮ್ಮನಾದೆ.

ಉತ್ತರ ಇರುವುದು ದಿನಾಂಕದಲ್ಲಿ. 1951ರ ಜನಪ್ರತಿನಿಧಿ ಕಾಯ್ದೆಯ 151ಎ ಕಲಂ ಪ್ರಕಾರ ಸೀಟು ಖಾಲಿಯಾದ ಆರು ತಿಂಗಳೊಳಗೆ ಉಪಚುನಾವಣೆ ಆಗಬೇಕು. ಒಂದು ವರ್ಷದ ವಿನಾಯಿತಿಯೂ ಅಲ್ಲೇ ಇದೆ. ಆದರೆ ಆ ವರ್ಷವನ್ನು ಎಣಿಸುವುದು ಸೀಟು ಖಾಲಿಯಾದ ದಿನದಿಂದ, ಮತದಾನದ ದಿನದಿಂದ ಅಲ್ಲ. ಮಂಡ್ಯ ಖಾಲಿಯಾದದ್ದು 2018ರ ಮೇ 21ರಂದು, ಅಲ್ಲಿನ ಸಂಸದರಾಗಿದ್ದ ಪುಟ್ಟರಾಜು ಅವರು ಶಾಸಕರಾದ ಮೇಲೆ. ಆ ಲೋಕಸಭೆಯ ಅವಧಿ ಮುಗಿಯಬೇಕಿದ್ದದ್ದು 2019ರ ಜೂನ್ 3ಕ್ಕೆ. ಲೆಕ್ಕ ಹಾಕಿ, ಒಂದು ವರ್ಷದ ಮೇಲೆ ಬರೀ 14 ದಿನ ಜಾಸ್ತಿ! ಶಿವಮೊಗ್ಗ, ಬಳ್ಳಾರಿ ಅದಕ್ಕೂ ಮೂರು ದಿನ ಮೊದಲೇ ಖಾಲಿಯಾಗಿದ್ದವು. ಅದೇ ವರ್ಷ ಆಂಧ್ರದ ಐವರು ಸಂಸದರು ಏಪ್ರಿಲ್‌ನಲ್ಲೇ ರಾಜೀನಾಮೆ ಕೊಟ್ಟಿದ್ದರು. ಅದು ಅಂಗೀಕಾರವಾದದ್ದು ಮಾತ್ರ ಜೂನ್‌ನಲ್ಲಿ. ವರ್ಷಕ್ಕೆ ಕೆಲವು ದಿನ ಕಡಿಮೆ ಬಿತ್ತು, ಅಲ್ಲಿ ಉಪಚುನಾವಣೆಯೇ ಇಲ್ಲ. ಅಂದರೆ ರಾಜೀನಾಮೆ ಬರೆದ ದಿನಕ್ಕಿಂತ ಸಭಾಧ್ಯಕ್ಷರು ಅದನ್ನು ಒಪ್ಪುವ ದಿನವೇ ಮುಖ್ಯ. ಅಷ್ಟು ದೊಡ್ಡ ವಿಷಯ ಹೀಗೆ ಒಬ್ಬರ ಪೆನ್ನಿನ ತುದಿಯಲ್ಲಿರುವುದು ನನಗಂತೂ ಸರಿ ಕಾಣುವುದಿಲ್ಲ.

ಉಪಚುನಾವಣೆಯಲ್ಲಿ ಗೆದ್ದವರಿಗೂ ಹೊಸದಾಗಿ ಐದು ವರ್ಷ ಸಿಗುವುದಿಲ್ಲ, ಉಳಿದಷ್ಟೇ. 2019ರ ಏಪ್ರಿಲ್ 23ಕ್ಕೆ ಶಿವಮೊಗ್ಗದವರು ಮತ್ತೆ ಸಾಲು ನಿಂತರು.

ಮಸ್ಕಿಯ ಕಥೆ ಬೇರೆ. 2018ರಲ್ಲಿ ಅಲ್ಲಿ ಪ್ರತಾಪಗೌಡ ಪಾಟೀಲರು ಗೆದ್ದದ್ದು ಬರೀ 213 ಮತಗಳಿಂದ. ಸೋತ ಬಸನಗೌಡ ತುರ್ವಿಹಾಳರು ಹೈಕೋರ್ಟಿಗೆ ಹೋದರು. 2019ರ ಜುಲೈನಲ್ಲಿ ಪಾಟೀಲರು ಅನರ್ಹರಾಗಿ ಸೀಟು ಖಾಲಿಯಾದಾಗ ಕೇಸು ಇನ್ನೂ ಬಾಕಿ ಇತ್ತು. ಇಂಥ ಕೇಸಿನಲ್ಲಿ ಸೋತವರು 'ನಾನೇ ಗೆದ್ದೆ ಎಂದು ಘೋಷಿಸಿ' ಅಂತ ಕೇಳಬಹುದು. ಉಪಚುನಾವಣೆ ಮುಗಿದ ಮೇಲೆ ಕೋರ್ಟು ಹೂಂ ಎಂದರೆ? ಒಂದು ಕುರ್ಚಿಗೆ ಇಬ್ಬರು! ಅದಕ್ಕೇ ಚುನಾವಣಾ ಆಯೋಗ ಕಾಯಿತು. ಡಿಸೆಂಬರ್ 5ರಂದು 15 ಕ್ಷೇತ್ರಗಳಿಗೆ ಮತದಾನವಾದಾಗ ಮಸ್ಕಿ ಮತ್ತು ರಾಜರಾಜೇಶ್ವರಿನಗರ ಹೊರಗುಳಿದವು. ಮಸ್ಕಿಯ ಸರದಿ ಬಂದದ್ದು 2021ರ ಏಪ್ರಿಲ್ 17ಕ್ಕೆ. ಅಲ್ಲಿಯವರೆಗೆ ಅಲ್ಲಿನ ಜನ ಒಂದು ಶಿಫಾರಸು ಪತ್ರ ಬೇಕೆಂದರೆ ಯಾರ ಮನೆ ಬಾಗಿಲಿಗೆ ಹೋಗುತ್ತಿದ್ದರೋ. ಈ ಸಲ ತುರ್ವಿಹಾಳರು ಗೆದ್ದರು, 30 ಸಾವಿರಕ್ಕೂ ಜಾಸ್ತಿ ಮತಗಳಿಂದ.